ಕೌಲ್ ಬಜಾರಿನ ಹಳೆಯ ಪತ್ರಿಕೆಗಳ ಅಂಗಡಿ ಮತ್ತು ‘ಭೀಕರ’ ಎಂಬ ಪದ

ಬಳ್ಳಾರಿಯ ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿರುವ ಈ ಅಂಗಡಿ ಹೊರಗಿನಿಂದ ಸಾಮಾನ್ಯ ರದ್ದಿ ಅಂಗಡಿಯಂತೆಯೇ ಕಾಣುತ್ತದೆ. ಆದರೆ ಒಳಗಿನ ಕೋಣೆಯಲ್ಲಿ ಹಳೆಯ ಕನ್ನಡ ಪತ್ರಿಕೆಗಳನ್ನು ತಿಂಗಳಿಗೊಂದರಂತೆ ರಟ್ಟು ಹಾಕಿ ಹೊಲಿದ ಕಟ್ಟುಗಳಿವೆ. ಒಂದು ಕಟ್ಟನ್ನು ಅಲ್ಲಿಯೇ ಕುಳಿತು ಓದಲು ಇಪ್ಪತ್ತು ರೂಪಾಯಿ. ಫೋಟೊ ತೆಗೆದುಕೊಳ್ಳಲು ಬೇರೆ ಹಣವಿಲ್ಲ. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಆರಂಭವಾದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು ಮರುವರ್ಷವೇ ‘ಕನ್ನಡ ಸಮಾಚಾರ’ವೆಂಬ ಹೆಸರಿನಲ್ಲಿ ಅಚ್ಚಾದದ್ದು ಇದೇ ಊರಿನಲ್ಲಿ. ಅಂಥ ಊರಿನಲ್ಲಿ ಇಂಥದೊಂದು ಕೋಣೆ ಉಳಿದಿರುವುದು ನನಗೆ ದೊಡ್ಡ ಸಮಾಧಾನ.

ನಾನು ಹೋದದ್ದು ಒಂದೇ ಒಂದು ವಿಶೇಷಣವನ್ನು ಹುಡುಕಿಕೊಂಡು. ‘ಭೀ’ ಎಂದರೆ ಭಯ, ಅದನ್ನು ಉಂಟುಮಾಡುವುದು ಭೀಕರ. ಹಿಂದಿನ ತಲೆಮಾರಿನ ಪತ್ರಕರ್ತರು ಈ ಪದವನ್ನು ಅಪಘಾತ, ಕೊಲೆ, ಬೆಂಕಿ, ಬಿರುಗಾಳಿ ಹೀಗೆ ಎಲ್ಲದಕ್ಕೂ ಅಂಟಿಸುತ್ತಿದ್ದರು ಎಂಬ ದೂರನ್ನು ನಾನೂ ಹೇಳುತ್ತ ಬಂದವನು. ಎರಡು ಮಧ್ಯಾಹ್ನ ಪುಟ ತಿರುವಿದ ಮೇಲೆ ಆ ದೂರು ಅರ್ಧ ಮಾತ್ರ ನಿಜವೆನಿಸಿತು.

ಅದಕ್ಕೆ ಕಾರಣ ತೋರಿಸಿದವರು ಅಂಗಡಿಯ ಯಜಮಾನರೇ. ಅವರು ಪ್ರಾಯದಲ್ಲಿ ಒಂದು ಅಚ್ಚುಕೂಟದಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ, ಜೋಡಿಸುತ್ತಿದ್ದವರು. ‘ಹೃದಯವಿದ್ರಾವಕ’ ಎಂಬ ಪದವನ್ನು ಬೆರಳಿನಿಂದ ಮೇಜಿನ ಮೇಲೆ ಅಕ್ಷರ ಅಕ್ಷರವಾಗಿ ಅಳೆದು ತೋರಿಸಿ, “ಇದು ಒಂದು ಕಾಲಮ್ಮಿನಾಗ ಎಲ್ಲಿ ಹಿಡಿತದ ಸರ್? ಭೀಕರ ಅಂದ್ರ ಮೂರೇ ಅಕ್ಷರ, ಗಪ್ಪನ ಕುಂದರ್ತಿತ್ತು” ಎಂದರು. ತಲೆಬರಹಕ್ಕೆ ಬಳಸುವ ದಪ್ಪ ಮೊಳೆಗಳನ್ನು ಕಿರಿದಾಗಿಸಲು ಬರುತ್ತಿರಲಿಲ್ಲ, ಕಾಲಮ್ಮನ್ನು ಅಗಲಿಸಲೂ ಆಗುತ್ತಿರಲಿಲ್ಲ. ಅದರ ಮೇಲೆ, ಇಂಗ್ಲಿಷಿನಲ್ಲಿ ಬರುತ್ತಿದ್ದ ತಂತಿ ಸುದ್ದಿಯನ್ನು ರಾತ್ರೋರಾತ್ರಿ ಕನ್ನಡಕ್ಕೆ ತರುವ ಉಪಸಂಪಾದಕರಿಗೆ, ಅಲ್ಲಿಯ ನಾಲ್ಕಾರು ಬೇರೆ ಬೇರೆ ವಿಶೇಷಣಗಳಿಗೂ ಸಲ್ಲುವಂಥ ಪದವೊಂದು ಕೈಯಳತೆಯಲ್ಲಿ ಬೇಕಿತ್ತು.

ಆದರೆ 1972ರ ಬರಗಾಲದ ಕಟ್ಟನ್ನು ಬಿಡಿಸಿದಾಗ ಇದೇ ಪದ ಬೇರೆಯಾಗಿ ಕಂಡಿತು. ತಲೆಬರಹದಲ್ಲಿ ‘ಭೀಕರ ಬರ’ ಎಂದಿದ್ದರೂ ಕೆಳಗಿನ ವರದಿ ಗಂಜಿ ಕೇಂದ್ರದ ಸಾಲು, ಮೇವು, ಬತ್ತಿದ ಬಾವಿಗಳನ್ನು ತಣ್ಣಗೆ ಹೇಳುತ್ತ ಹೋಗುತ್ತದೆ. ಒಳಗೆ ಎಲ್ಲಿಯೂ ಮತ್ತೊಂದು ವಿಶೇಷಣವಿಲ್ಲ. ಮೇಲೆ ಒಮ್ಮೆ ಕೂಗಿ, ಕೆಳಗೆ ಕಂಡದ್ದನ್ನಷ್ಟೇ ಬರೆಯುವ ಈ ಕ್ರಮವನ್ನು ನಾನು ಮೆಚ್ಚುತ್ತೇನೆ. ಈಗಿನ ಟಿ.ವಿ. ವಾಹಿನಿಗಳ ಪರದೆಯ ಕೆಳಗೆ ಓಡುವ ಸುದ್ದಿಪಟ್ಟಿಯಲ್ಲಿ ವಿಶೇಷಣವೇ ಸುದ್ದಿಯ ಜಾಗವನ್ನು ತಿಂದಿರುವುದನ್ನು ನೋಡುವವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಎರಡು ಸೈಕಲ್ಲುಗಳು ಡಿಕ್ಕಿಯಾದದ್ದಕ್ಕೂ ಅದೇ ಪದ ಬಳಸಿದ ಪುಟವೂ ನನಗೆ ಸಿಕ್ಕಿತು, ಅದನ್ನು ಸಮರ್ಥಿಸಲಾರೆ.

ಅಂಗಡಿಯ ದೊಡ್ಡ ಕೊರತೆ ಹೊಲಿಗೆಯದು. ಕೆಲವು ಕಟ್ಟುಗಳನ್ನು ಎಷ್ಟು ಬಿಗಿಯಾಗಿ ಹೊಲಿದಿದ್ದಾರೆಂದರೆ ಬೆನ್ನಿನ ಪಕ್ಕದ ಕಾಲಮ್ಮು ಅರ್ಧ ಒಳಗೇ ಹೋಗಿದೆ. ಒಂದು ಪುಟದಲ್ಲಿ ದಪ್ಪಕ್ಷರದ ‘ಭೀಕರ’ ಮಾತ್ರ ಹೊರಗಿದ್ದು, ಏನು ಭೀಕರವೆಂಬುದು ದಾರದ ಆಚೆ ಉಳಿದುಬಿಟ್ಟಿತ್ತು. ಬಲವಂತವಾಗಿ ಅಗಲಿಸಿದರೆ ಕಂದಿದ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಕೋಣೆಗೆ ಒಂದೇ ಬಲ್ಬು, ಬೇಸಿಗೆಯಲ್ಲಿ ಮಧ್ಯಾಹ್ನ ಕೂರುವುದು ಕಷ್ಟ. ಬೆಳಿಗ್ಗೆ ಹೋಗುವುದು ಒಳ್ಳೆಯದು. ಕಟ್ಟುಗಳ ಪಟ್ಟಿ ಯಜಮಾನರ ನೆನಪಿನಲ್ಲಿ ಮಾತ್ರ ಇರುವುದರಿಂದ ಅವರಿಲ್ಲದ ದಿನ ಏನೂ ಸಿಗುವುದಿಲ್ಲ. ಇದನ್ನು ಅವರಿಗೇ ಹೇಳಿದ್ದೇನೆ, ಬೇಸರಿಸದೆ ಕೇಳಿಕೊಂಡರು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪವಾಯಿತು. ಸಾವಿರಾರು ಜನ ಸತ್ತ ಆ ಸುದ್ದಿಗೆ ಮರುದಿನದ ಪುಟದಲ್ಲಿ ಯಾವ ವಿಶೇಷಣ ಉಳಿದಿತ್ತೆಂದು ನೋಡಬೇಕಾಗಿದೆ. ಆ ಅಕ್ಟೋಬರಿನ ಕಟ್ಟೂ ಬಿಗಿಯಾಗಿಯೇ ಇದೆ. ಮುಂದಿನ ವಾರ ಹೊಲಿಗೆ ಬಿಚ್ಚಿ ಇಡುವುದಾಗಿ ಯಜಮಾನರು ಮಾತು ಕೊಟ್ಟಿದ್ದಾರೆ.