ಕೋಲಿವಿಂಗ್ ಮನೆ ನಡೆಸುವವರ ಗಮನಕ್ಕೆ: ವರ್ಷದ ಹಣ ಮೊದಲೇ ಕೇಳುವ ಲಿಸ್ಟಿಂಗ್ ಸೈಟ್‌ಗಳು

ಮಳೆಗಾಲ ಮುಗಿಯುತ್ತ ಬಂತೆಂದರೆ ಕರಾವಳಿಯಲ್ಲಿ ಹೋಮ್‌ಸ್ಟೇ, ಕೋಲಿವಿಂಗ್ ಮನೆ (ಹಲವರು ಒಟ್ಟಿಗೆ ಉಳಿದು ಅಲ್ಲಿಂದಲೇ ಕೆಲಸ ಮಾಡುವ ಮನೆ) ಇಟ್ಟುಕೊಂಡವರಿಗೆಲ್ಲ ಕರೆಗಳು ಶುರುವಾಗುತ್ತವೆ. "ನಿಮ್ಮ ಮನೇನ ಡಿಜಿಟಲ್ ನೋಮ್ಯಾಡ್‌ಗಳಿಗೆ ತಲುಪಿಸ್ತೀವಿ, ತಿಂಗಳುಗಟ್ಟಲೆ ಇರೋ ಗೆಸ್ಟ್ ಕೊಡ್ತೀವಿ" ಎನ್ನುವ ಲಿಸ್ಟಿಂಗ್ ಸೈಟ್‌ಗಳ ಕರೆ. ಡಿಜಿಟಲ್ ನೋಮ್ಯಾಡ್ ಅಂದರೆ ಲ್ಯಾಪ್‌ಟಾಪ್ ಹಿಡಿದು ಊರೂರು ತಿರುಗುತ್ತ ಕೆಲಸ ಮಾಡುವವರು, ಲಿಸ್ಟಿಂಗ್ ಸೈಟ್ ಅಂದರೆ ನಮ್ಮಂಥ ಮನೆಗಳ ವಿವರ ಹಾಕಿ ಗಿರಾಕಿ ಹುಡುಕಿಕೊಡುವ ವೆಬ್‌ಸೈಟ್. ಇಂಥ ಒಂದು ಸೈಟಿನ ಜೊತೆ ನಮ್ಮ ಒಂದು ಸೀಸನ್ ಪೂರ್ತಿ ಹಾಳಾಯಿತು. ಹಣ ಹೋಯಿತು, ಅದು ಇರಲಿ. ನಮ್ಮ ಮನೆಯ ಹೆಸರನ್ನೇ ಇಟ್ಟುಕೊಂಡು, ನಮ್ಮನ್ನು ಹುಡುಕಿಕೊಂಡು ಬಂದವರನ್ನು ಬೇರೆ ಮನೆಗಳಿಗೆ ಕಳಿಸಿದರಲ್ಲ, ಅದು ಅದಕ್ಕಿಂತ ದೊಡ್ಡ ಪೆಟ್ಟು. ಹೀಗೂ ಆಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಬೇರೆಯವರಿಗಾದರೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಗೋಕರ್ಣದ ಹೊರಗೆ, ತೋಟದ ಪಕ್ಕದ ಹಂಚಿನ ಮನೆ. ನಾನು ಮತ್ತು ಅತ್ತಿಗೆ ನಡೆಸುತ್ತೇವೆ. ಆರು ಕೋಣೆ, ಪ್ರತಿ ಕೋಣೆಯಲ್ಲೂ ಮೇಜು ಕುರ್ಚಿ, ಜಗಲಿಯಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವಷ್ಟು ಉದ್ದದ ಟೇಬಲ್, ಎರಡು ಬೇರೆ ಬೇರೆ ಕಂಪನಿಯ ಫೈಬರ್ ಲೈನ್, ದೊಡ್ಡ ಇನ್ವರ್ಟರ್. ಮಳೆಗಾಲದಲ್ಲಿ ಇಲ್ಲಿಯ ಕರೆಂಟಿನ ಕತೆ ಗೊತ್ತಿದ್ದವರಿಗೆ ಇನ್ವರ್ಟರ್ ಯಾಕೆಂದು ಹೇಳಬೇಕಾಗಿಲ್ಲ. ಬರುವವರಲ್ಲಿ ಹೆಚ್ಚಿನವರು ಬೆಂಗಳೂರು, ಹೈದರಾಬಾದ್, ಪುಣೆಯ ಐಟಿಯವರು. ಒಂದೆರಡು ವಾರಕ್ಕೆಂದು ಬಂದು ತಿಂಗಳು ಉಳಿಯುತ್ತಾರೆ. ಚಳಿಗಾಲದಲ್ಲಿ ಕುಡ್ಲೆ, ಓಂ ಬೀಚ್ ಕಡೆ ಬರುವ ವಿದೇಶಿಯರೂ ಆಗೀಗ ಇರುತ್ತಾರೆ.

ಕರೆ ಮಾಡಿದ ಹುಡುಗ ಕನ್ನಡದವನೇ, ಬಹಳ ಮರ್ಯಾದೆಯಿಂದ ಮಾತಾಡಿದ. "ಮೇಡಂ, ನೀವು ರೂಮ್ ರೆಡಿ ಇಟ್ಕೊಳ್ಳಿ ಸಾಕು, ಗೆಸ್ಟ್ ತರೋದು ನಮ್ಮ ಕೆಲಸ" ಅಂದ. ಕಳಿಸಿದ ಪಿಡಿಎಫ್‌ನಲ್ಲಿ ಪೋರ್ಚುಗಲ್‌ನ ಲಿಸ್ಬನ್, ಥಾಯ್ಲೆಂಡಿನ ಚಿಯಾಂಗ್ ಮಾಯ್, ಇಂಡೊನೇಷ್ಯಾದ ಬಾಲಿಯ ಫೋಟೊಗಳು. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಊರುಗಳ ಲೆಕ್ಕ ನಮ್ಮ ಊರಿಗೆ ಹೊಂದುವುದಿಲ್ಲ. ಎಸ್ಟೋನಿಯಾ 2020ರಲ್ಲೇ ಡಿಜಿಟಲ್ ನೋಮ್ಯಾಡ್‌ಗಳಿಗೆಂದು ಪ್ರತ್ಯೇಕ ವೀಸಾ ತಂದಿತು, ಪೋರ್ಚುಗಲ್ 2022ರಲ್ಲಿ, ಥಾಯ್ಲೆಂಡ್ 2024ರಲ್ಲಿ. ಭಾರತದಲ್ಲಿ ಅಂಥದ್ದಿಲ್ಲ. ಗೋಕರ್ಣಕ್ಕೆ ಬರುವ ವಿದೇಶಿಯ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಪ್ರವಾಸಿ ವೀಸಾ. "ವಿದೇಶಿ ನೋಮ್ಯಾಡ್‌ಗಳು ಆರಾರು ತಿಂಗಳು ಇರ್ತಾರೆ" ಎಂದು ಯಾರಾದರೂ ಅಂದರೆ, ಯಾವ ವೀಸಾದ ಮೇಲೆ ಎಂದು ಕೇಳಿ. ನಮ್ಮ ನಿಜವಾದ ಗಿರಾಕಿ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬರುವವರು. ಅವರನ್ನು ಕರೆತರಲು ಜಗತ್ತಿನಾದ್ಯಂತ ಜಾಹೀರಾತು ಮಾಡುವ ಸೈಟ್ ಬೇಕಾಗಿಲ್ಲ.

ಲಿಸ್ಟಿಂಗ್ ಸೈಟ್‌ಗಳೆಲ್ಲ ಒಂದೇ ಥರ ಅಲ್ಲ. ಬುಕಿಂಗ್ ಆದರೆ ಮಾತ್ರ ಕಮಿಷನ್ ಹಿಡಿಯುವ ದೊಡ್ಡ ಸೈಟ್‌ಗಳಿವೆ. ಸಾಮಾನ್ಯವಾಗಿ ಶೇ 15ರ ಆಸುಪಾಸು ಹೋಗುತ್ತದೆ. ಜಾಸ್ತಿ ಅನ್ನಿಸಿದರೂ ಗಿರಾಕಿ ಬಂದ ಮೇಲಷ್ಟೇ ಹೋಗುವ ಹಣ ಅದು. ಇನ್ನು ಕೆಲವು "ಲೀಡ್" ಲೆಕ್ಕದಲ್ಲಿ, ಅಂದರೆ ವಿಚಾರಿಸಿದವರು ಎಷ್ಟು ಮಂದಿಯೋ ಅಷ್ಟಕ್ಕೆ ದುಡ್ಡು ಕೇಳುತ್ತವೆ. ಮೂರನೆಯದು ವರ್ಷದ ಪ್ಲಾನ್. ನಮ್ಮದು ಇದು. 36,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ, ಒಟ್ಟು 42,480 ಮೊದಲೇ ಕಟ್ಟಬೇಕು. ಹಣ ಒಮ್ಮೆ ಕೈಸೇರಿದ ಮೇಲೆ ನಮ್ಮ ಕೋಣೆ ತುಂಬಿತೋ ಬಿಟ್ಟಿತೋ, ಅವರಿಗೆ ಆಗಬೇಕಾದ್ದೇನೂ ಇಲ್ಲ.

ಮೊದಲ ವಾರದಿಂದಲೇ ಡ್ಯಾಶ್‌ಬೋರ್ಡ್‌ನಲ್ಲಿ, ಅಂದರೆ ಸೈಟಿನಲ್ಲಿ ನಮಗೆ ಕೊಟ್ಟ ಪುಟದಲ್ಲಿ, ಲೀಡ್‌ಗಳು ಬರತೊಡಗಿದವು. ದಿನಕ್ಕೆ ನಾಲ್ಕೈದು. ಎಲ್ಲದರಲ್ಲೂ ಒಂದೇ ಧಾಟಿ: ಮುಂದಿನ ತಿಂಗಳು ರೂಮ್ ಇದೆಯಾ, ವೈಫೈ ಹೇಗಿದೆ, ಬಾಡಿಗೆ ಎಷ್ಟು. ನಾವು ಕೂತು ಪ್ರತಿಯೊಂದಕ್ಕೂ ಉತ್ತರ ಬರೆದೆವು, ಫೋಟೊ ಕಳಿಸಿದೆವು. ಆ ಕಡೆಯಿಂದ ಮಾರುತ್ತರವೇ ಇಲ್ಲ. ಕುಮಟಾ ಹತ್ತಿರ ಇಂಥದ್ದೇ ಮನೆ ನಡೆಸುವ ಪರಿಚಯದವರೊಬ್ಬರಿದ್ದಾರೆ, ಅವರೂ ಅದೇ ಸೈಟಿಗೆ ಹಣ ಕಟ್ಟಿದ್ದರು. ಒಂದು ದಿನ ಅವರು ಮನೆಗೆ ಬಂದಾಗ ಇಬ್ಬರೂ ಫೋನ್ ಪಕ್ಕ ಪಕ್ಕ ಇಟ್ಟು ನೋಡಿದೆವು. ಅದೇ ಹೆಸರು, ಅದೇ ವಾಕ್ಯ, ಅದೇ ನಿಮಿಷ. ಒಂದು ಮೆಸೇಜೂ ಬೇರೆ ಇರಲಿಲ್ಲ. ಯಾರೋ ಒಬ್ಬರು ಸೈಟಿನಲ್ಲಿ "ಗೋಕರ್ಣ" ಎಂದು ಹುಡುಕಿ ಒಂದು ಬಟನ್ ಒತ್ತಿದರೆ ಅದು ಸುತ್ತಲಿನ ಎಲ್ಲ ಮನೆಗಳಿಗೂ ತಾನಾಗಿ ಹೋಗುತ್ತಿತ್ತು. ಪ್ರತಿ ಮನೆಯ ಲೆಕ್ಕದಲ್ಲೂ ಅದೊಂದು ಲೀಡ್. ಒತ್ತಿದವರಿಗೆ ನಮ್ಮ ಮನೆ ಇದೆ ಎಂಬುದೇ ಗೊತ್ತಿರಲಿಕ್ಕಿಲ್ಲ.

ಆ ಸೀಸನ್ನಿನಲ್ಲಿ ಅವರ ಮೂಲಕ ನಿಜವಾಗಿ ಬಂದವರೇ ಬೆರಳೆಣಿಕೆಯಷ್ಟು. ಅವರಲ್ಲಿ ಬೆಂಗಳೂರಿನ ಒಬ್ಬ ಹುಡುಗಿಯ ವಿಷಯ ಹೇಳಲೇಬೇಕು. ಭಾನುವಾರ ಮಧ್ಯಾಹ್ನ ಗೋಕರ್ಣ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಆಟೊ ಹಿಡಿದು ಬಂದಳು. ಸಂಜೆ ಅಮೆರಿಕದ ಕ್ಲೈಂಟ್ ಜೊತೆ ಮೀಟಿಂಗ್ ಇತ್ತಂತೆ. ಕೋಣೆಗೆ ಹೋದವಳು ಐದೇ ನಿಮಿಷಕ್ಕೆ ಹೊರಗೆ ಬಂದು, "ಆಂಟಿ, ಎಸಿ ರಿಮೋಟ್ ಎಲ್ಲಿದೆ?" ಎಂದು ಕೇಳಿದಳು. ನಮ್ಮ ಮನೆಯಲ್ಲಿ ಎಸಿಯೇ ಇಲ್ಲ, ಇದೆ ಎಂದು ನಾವು ಎಲ್ಲೂ ಬರೆದಿಲ್ಲ. ಅವಳು ಫೋನ್ ತೆಗೆದು ತೋರಿಸಿದಳು. ಗಿರಾಕಿಗಳಿಗೆ ಕಾಣುವ ಪುಟವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ನಮಗೆ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುತ್ತಿದ್ದದ್ದು ನಾವು ಬರೆದ ವಿವರ. ಅವಳಿಗೆ ಕಂಡದ್ದು ಅವರ "ಕಂಟೆಂಟ್ ಟೀಮ್" ತಿದ್ದಿದ ವಿವರ. ಎಲ್ಲ ಕೋಣೆಗೂ ಎಸಿ, 200 ಎಂಬಿಪಿಎಸ್ ವೈಫೈ, ಬೀಚ್‌ಗೆ ಎರಡು ನಿಮಿಷ. ನಮ್ಮ ಎರಡು ಲೈನೂ ನೂರು ನೂರು ಎಂಬಿಪಿಎಸ್, ಬೀಚ್‌ಗೆ ನಡೆದರೆ ಇಪ್ಪತ್ತು ನಿಮಿಷವಾದರೂ ಬೇಕು. ನಮ್ಮ ಜಗಲಿಯ ಫೋಟೊ ಆದ ಮೇಲೆ ಯಾರದೋ ಈಜುಕೊಳದ ಫೋಟೊ ಬೇರೆ.

ಪಾಪ, ಜಗಳವಾಡಲಿಲ್ಲ ಆ ಹುಡುಗಿ. ಆದರೆ ಒಂದು ತಿಂಗಳ ಅಡ್ವಾನ್ಸ್ ಸೈಟಿನವರಿಗೆ ಕಟ್ಟಿಯಾಗಿತ್ತು. ಅವರನ್ನು ಕೇಳಿದರೆ "ಪ್ರಾಪರ್ಟಿಯವರ ತಪ್ಪು, ಅವರೇ ವಾಪಸ್ ಕೊಡಬೇಕು" ಎಂಬ ಉತ್ತರ. ನಮ್ಮ ಕೈಗೆ ಆ ಹಣ ಇನ್ನೂ ಬಂದೇ ಇರಲಿಲ್ಲ. ಅವಳು ಮನೆ ಬಾಗಿಲಿಗೆ ಬಂದಿದ್ದು ನಮ್ಮನ್ನು ನಂಬಿ. ಎರಡು ದಿನ ಊಟ, ವಸತಿ ಕೊಟ್ಟು, ಅಷ್ಟೂ ಹಣವನ್ನು ನಾವೇ ಕೊಟ್ಟು ಕಳಿಸಿದೆವು. ಸೈಟಿನಿಂದ ನಮಗೆ ಬರಬೇಕಾದ್ದು ಇವತ್ತಿಗೂ ಬಂದಿಲ್ಲ.

ವಿದೇಶಿಯರ ವಿಷಯದಲ್ಲಿ ಇನ್ನೂ ದೊಡ್ಡ ಅಪಾಯ ಕಾದಿತ್ತು. "ಗೆಸ್ಟ್ ಪಾಸ್‌ಪೋರ್ಟ್, ವೀಸಾ ಎಲ್ಲ ನಾವೇ ವೆರಿಫೈ ಮಾಡಿ ರಿಜಿಸ್ಟರ್ ಮಾಡ್ತೀವಿ" ಎಂದಿದ್ದರು. ಅವರು ಮಾಡುತ್ತಿದ್ದದ್ದು ತಮ್ಮ ಸೈಟಿನಲ್ಲಿ ನೋಂದಣಿ, ಸರ್ಕಾರದ್ದಲ್ಲ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಓ ಪೋರ್ಟಲ್‌ನಲ್ಲಿ ಮಾಹಿತಿ ತುಂಬಬೇಕಾದ್ದು ಉಳಿಸಿಕೊಂಡ ಮನೆಯವರ ಹೊಣೆ. ಈ ಕಡೆ ಎಲ್ಲರೂ "ಸಿ ಫಾರ್ಮ್" ಅನ್ನುವುದು ಇದನ್ನೇ. ಅತ್ತಿಗೆ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಬಂದವರು ಕೈಕಾಲು ತೊಳೆಯುವುದರೊಳಗೆ ಪಾಸ್‌ಪೋರ್ಟ್ ಇಸಿದುಕೊಂಡು ಫಾರ್ಮ್ ತುಂಬಿಬಿಡುತ್ತಾರೆ. ಹಾಗಾಗಿ ಉಳಿದೆವು. ಸೈಟಿನ ಮಾತು ನಂಬಿ ಸುಮ್ಮನಿದ್ದವರ ಮನೆಗೆ ಪೊಲೀಸರು ಬಂದರೆ ಉತ್ತರ ಹೇಳಬೇಕಾದವರು ಆ ಕಂಪನಿಯವರಲ್ಲ, ನೀವು. ಇದನ್ನು ಯಾರ ಮೇಲೂ ಹಾಕಬೇಡಿ.

ಇನ್ನು ಹೆಸರಿನ ವಿಷಯ.

ವರ್ಷ ಮುಗಿಯಿತು, ರಿನ್ಯೂ ಮಾಡುವುದಿಲ್ಲ ಎಂದು ಇಮೇಲ್ ಬರೆದೆವು. "ಓಕೆ, ನಿಮ್ಮ ಅಕೌಂಟ್ ಡಿಆಕ್ಟಿವೇಟ್ ಆಗಿದೆ" ಎಂದು ಉತ್ತರ ಬಂತು. ಮುಂದಿನ ಡಿಸೆಂಬರ್ ಹೊತ್ತಿಗೆ ಹಳೆಯ ಗೆಸ್ಟ್ ಒಬ್ಬರು ಫೋನ್ ಮಾಡಿ, "ಅಕ್ಕಾ, ಈ ಸಲ ತಿಂಗಳು ಪೂರ್ತಿ ಫುಲ್ ಅಂತೆ? ನಾವು ಬೇರೆ ಕಡೆ ಬುಕ್ ಮಾಡ್ಬಿಟ್ವಿ" ಅಂದರು. ಆ ಹೊತ್ತಿಗೆ ನಮ್ಮಲ್ಲಿ ಎರಡು ಕೋಣೆ ಖಾಲಿ ಇದ್ದವು. ನಮ್ಮ ಮನೆಯ ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೇಲೆ ಕಂಡದ್ದು ಆ ಸೈಟಿನ ಜಾಹೀರಾತು, ನಮ್ಮದೇ ಹೆಸರಿನಲ್ಲಿ. ಒತ್ತಿದರೆ ನಮ್ಮ ಜಗಲಿಯ ಫೋಟೊ, ಅದರ ಮೇಲೆ ಕೆಂಪು ಅಕ್ಷರದಲ್ಲಿ "ಈ ದಿನಾಂಕಗಳಿಗೆ ಲಭ್ಯವಿಲ್ಲ". ಕೆಳಗೆ "ಹತ್ತಿರದಲ್ಲಿ ಇಂಥದ್ದೇ ಮನೆಗಳು" ಎಂದು ಈ ವರ್ಷ ಹಣ ಕಟ್ಟಿದವರ ಸಾಲು. ಯಾವ ತಾರೀಕು ಹಾಕಿದರೂ ಅದೇ ಕೆಂಪು ಅಕ್ಷರ. ಅಂದರೆ ಮನೆ ಕಟ್ಟಿದವರು ನಾವು, ಹೆಸರು ಗಳಿಸಿದವರು ನಾವು, ಆ ಹೆಸರು ಕೇಳಿಕೊಂಡು ಬಂದವರು ಹೋಗಿದ್ದು ಬೇರೆಯವರ ಮನೆಗೆ. ಎಷ್ಟು ಮಂದಿ ಹೀಗೆ ಹೋದರೋ ಲೆಕ್ಕ ಸಿಗುವುದೇ ಇಲ್ಲ. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಫೋನ್ ಮಾಡಿ ಕೇಳಿದರೆ ಷರತ್ತು ತೋರಿಸಿದರು. ನಾವು ಕೊಟ್ಟ ಹೆಸರು, ಫೋಟೊ, ವಿವರಗಳನ್ನು ಕಾಲಮಿತಿ ಇಲ್ಲದೆ ಬಳಸುವ ಹಕ್ಕು ಅವರಿಗಿದೆ ಎಂಬ ಸಾಲು. ಹಣ ಕಟ್ಟುವ ಮೊದಲು ಕಳಿಸಿದ ಒಪ್ಪಂದದಲ್ಲಿ ಅದು ಇರಲಿಲ್ಲ. ಆಮೇಲೆ ಬಂದ ಲಾಗಿನ್ ಲಿಂಕ್‌ನ "ನಿಯಮಗಳು" ಎಂಬ ಪುಟದೊಳಗಿತ್ತು, ಅದನ್ನು ಟಿಕ್ ಮಾಡದೆ ಡ್ಯಾಶ್‌ಬೋರ್ಡ್ ತೆರೆಯುತ್ತಿರಲಿಲ್ಲ. ಆದ್ದರಿಂದ ಒಪ್ಪಂದದ ಪಿಡಿಎಫ್ ಜೊತೆಗೆ ಸೈಟಿನ ನಿಯಮಗಳ ಪುಟವನ್ನೂ ಹಣ ಕೊಡುವ ಮೊದಲೇ ತರಿಸಿಕೊಳ್ಳಿ. ಒಪ್ಪಂದ ಮುಗಿದ ಮೇಲೆ ಇಷ್ಟು ದಿನದೊಳಗೆ ಪುಟವನ್ನು ಪೂರ್ತಿ ಅಳಿಸುತ್ತೇವೆ, ನಿಮ್ಮ ಹೆಸರಿನ ಮೇಲೆ ಜಾಹೀರಾತು ಹಾಕುವುದಿಲ್ಲ ಎಂದು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ವಿವರಗಳಲ್ಲಿ ನಮ್ಮನ್ನು ಕೇಳದೆ ಒಂದು ಅಕ್ಷರ ತಿದ್ದಬಾರದು ಎಂಬುದೂ ಅದರಲ್ಲೇ ಬರಲಿ. ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆ ಇಲ್ಲ.

ನಾವು ಆಮೇಲೆ ಮಾಡಿದ್ದು ಇಷ್ಟು. ಫೋಟೊಗಳನ್ನು ತೆಗೆದವನು ನಮ್ಮ ಅಕ್ಕನ ಮಗ. ಫೋಟೊದ ಕಾಪಿರೈಟ್‌ಗೆ ಯಾವ ನೋಂದಣಿಯೂ ಬೇಡ, ಮೂಲ ಫೈಲ್‌ಗಳು ಅವನ ಹತ್ತಿರ ಇದ್ದವು. ಅವನ ಹೆಸರಿನಲ್ಲಿ ಸೈಟಿನ ದೂರು ಅಧಿಕಾರಿಗೂ ಗೂಗಲ್‌ಗೂ ದೂರು ಕೊಟ್ಟೆವು. 2021ರ ಐಟಿ ನಿಯಮಗಳ ಪ್ರಕಾರ ಇಂಥ ಸೈಟ್‌ಗಳು ದೂರು ಅಧಿಕಾರಿಯ ಹೆಸರು, ಸಂಪರ್ಕ ವಿವರ ಪ್ರಕಟಿಸಲೇಬೇಕು, ಹುಡುಕಿದರೆ ಪುಟದ ಕೊನೆಯಲ್ಲಿ ಸಿಗುತ್ತದೆ. ಸೈಟಿನಿಂದ ಫೋಟೊಗಳು ಹೋದವು. ಹೆಸರಿನ ಪುಟ ಹೋಗಲಿಲ್ಲ. ಅದಕ್ಕಾಗಿ ಮನೆಯ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅರ್ಜಿ ಹಾಕಿದ್ದೇವೆ. ವಸತಿ, ಊಟದ ಸೇವೆಗಳು ಬರುವುದು 43ನೇ ವರ್ಗದಲ್ಲಿ. ನಮ್ಮಂಥವರು ಆನ್‌ಲೈನ್ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 4,500 ರೂಪಾಯಿ. ವರ್ಷದ ಪ್ಲಾನಿಗೆ ಸುರಿದದ್ದರಲ್ಲಿ ಇದು ಒಂಬತ್ತರಲ್ಲಿ ಒಂದು ಪಾಲೂ ಅಲ್ಲ.

ಹಣ ಕಟ್ಟುವ ರೀತಿಯ ಬಗ್ಗೆಯೂ ಒಂದೆರಡು ಮಾತು. ನೇರ ಬ್ಯಾಂಕ್ ವರ್ಗಾವಣೆ ಮಾಡಿದರೆ ವಾಪಸ್ ಪಡೆಯುವ ದಾರಿ ಕಷ್ಟ. ಕ್ರೆಡಿಟ್ ಕಾರ್ಡ್ ಆದರೆ ಬ್ಯಾಂಕಿನಲ್ಲಿ ತಕರಾರು ಹಾಕುವ ಅವಕಾಶವಾದರೂ ಇರುತ್ತದೆ. ಆಟೊ ಡೆಬಿಟ್‌ಗೆ ಒಪ್ಪಿಗೆ ಕೊಟ್ಟಿದ್ದರೆ ಜಾಗ್ರತೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 15,000 ರೂಪಾಯಿವರೆಗೆ ಪ್ರತಿ ಸಲ ಒಟಿಪಿ ಕೇಳದೆ ಹಣ ಕಡಿತವಾಗಬಹುದು, ಆದರೆ 24 ಗಂಟೆ ಮೊದಲು ಮೆಸೇಜ್ ಬರಬೇಕು. ಆ ಮೆಸೇಜ್ ಬಂದಾಗ ಕಡೆಗಣಿಸಬೇಡಿ, ಮ್ಯಾಂಡೇಟ್, ಅಂದರೆ ನೀವು ಕೊಟ್ಟ ಆ ಒಪ್ಪಿಗೆ, ರದ್ದು ಮಾಡುವ ಆಯ್ಕೆ ಅಲ್ಲೇ ಇರುತ್ತದೆ. ಸೈಟ್ ವಿದೇಶದ್ದಾದರೆ ಅವರ ಶುಲ್ಕದ ಮೇಲಿನ ಜಿಎಸ್‌ಟಿ ರಿವರ್ಸ್ ಚಾರ್ಜ್‌ನಲ್ಲಿ (ಸೇವೆ ಪಡೆದವರೇ ತೆರಿಗೆ ಕಟ್ಟುವ ಪದ್ಧತಿ) ನಿಮ್ಮ ತಲೆ ಮೇಲೆ ಬರಬಹುದು, ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ.

"ನೀವು ಬಿಸಿನೆಸ್‌ನವರು, ಗ್ರಾಹಕರ ಕೋರ್ಟಿಗೆ ಹೋಗೋಕಾಗಲ್ಲ" ಎಂದೂ ನಮಗೆ ಹೇಳಿದರು. ಅದು ಪೂರ್ತಿ ನಿಜವಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶವನ್ನು ಹೊರಗಿಡುತ್ತದೆ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಕೊಂಡ ಸರಕಿಗೆ ವಿನಾಯಿತಿ ಇದೆ, ನೀವು ಪಡೆದ ಸೇವೆಗೂ ಅದು ಸಲ್ಲುತ್ತದೆಯೇ ಎಂದು ವಕೀಲರನ್ನು ಕೇಳಿಕೊಳ್ಳಿ. ದೂರನ್ನು ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಅವರ ಹೆಡ್ ಆಫೀಸ್ ಇರುವ ಊರಿಗೆ ಓಡಬೇಕಾಗಿಲ್ಲ. 2023ರ ನವೆಂಬರ್‌ನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ತಂತ್ರಗಳು) ಮಾರ್ಗಸೂಚಿಯಲ್ಲಿ ಸುಳ್ಳು ತುರ್ತು ತೋರಿಸುವುದು, ಚಂದಾದಾರಿಕೆಯಿಂದ ಹೊರಬರಲು ಬಿಡದಿರುವುದು ಎರಡನ್ನೂ ಹೆಸರಿಸಿಯೇ ನಿಷೇಧಿಸಿದ್ದಾರೆ. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ನಾವು ಕಾರವಾರದ ವಕೀಲರೊಬ್ಬರ ಮೂಲಕ ನೋಟಿಸ್ ಕೊಟ್ಟಿದ್ದೇವೆ, ಉತ್ತರಕ್ಕೆ ಕಾಯುತ್ತಿದ್ದೇವೆ.

ಈಗ ಇದೇ ಥರದ ಕರೆಗಳು ಹೊನ್ನಾವರ, ಮುರ್ಡೇಶ್ವರದ ಕಡೆಯವರಿಗೂ ಬರುತ್ತಿವೆ ಎಂದು ಕೇಳಿದೆ. ಶಿರಸಿ, ಚಿಕ್ಕಮಗಳೂರಿನ ತೋಟದ ಮನೆಯವರಿಗೂ ಬರದೆ ಇರುವುದಿಲ್ಲ. ಈ ಸಲ ಅವರು ಇನ್ನೊಂದನ್ನೂ ಕೇಳುತ್ತಿದ್ದಾರಂತೆ: "ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಪ್ರೊಫೈಲ್ ನಾವೇ ಚೆನ್ನಾಗಿ ಮಾಡಿಕೊಡ್ತೀವಿ, ಓನರ್ ಆಕ್ಸೆಸ್ ಕೊಡಿ." ದಯವಿಟ್ಟು ಕೊಡಬೇಡಿ. ಓನರ್ ಆಕ್ಸೆಸ್ ಇದ್ದವರು ನಿಮ್ಮ ಫೋನ್ ನಂಬರ್ ತೆಗೆದು ತಮ್ಮದನ್ನು ಹಾಕಬಹುದು, ಬುಕಿಂಗ್ ಲಿಂಕ್ ತಮ್ಮ ಸೈಟಿಗೆ ತಿರುಗಿಸಬಹುದು. ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ ಇವತ್ತೇ ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆದು, ಯಾರ್ಯಾರಿಗೆ ಆಕ್ಸೆಸ್ ಇದೆ ಎಂಬ ಪಟ್ಟಿ ನೋಡಿ, ಗುರುತಿಲ್ಲದ ಇಮೇಲ್‌ಗಳನ್ನು ತೆಗೆಯಿರಿ. ಆಮೇಲೆ ನಿಮ್ಮದಲ್ಲದ ಫೋನಿನಿಂದ ನಿಮ್ಮ ಮನೆಯ ಹೆಸರನ್ನು ಹುಡುಕಿ, ಬಂದ ಮೊದಲ ಲಿಂಕ್ ಒತ್ತಿ, ಅಲ್ಲಿರುವ ನಂಬರಿಗೆ ಒಮ್ಮೆ ಕರೆ ಮಾಡಿ ಯಾರು ಎತ್ತುತ್ತಾರೆ ನೋಡಿ.