ಮಗಳ ರಿಹ್ಯಾಬ್ ಅಸೆಸ್‌ಮೆಂಟ್: ಚೆನ್ನಾಗಿತ್ತು, ಒಂದು ತಕರಾರು ಬಿಟ್ಟರೆ

ಮಗಳಿಗೆ ಸೆರೆಬ್ರಲ್ ಪಾಲ್ಸಿ ಇದೆ, ಅಂದರೆ ಎಳೆವಯಸ್ಸಲ್ಲೇ ಮೆದುಳಿಗಾದ ತೊಂದರೆಯಿಂದ ಕೈಕಾಲಿನ ಚಲನೆಗೆ ಕಷ್ಟ. ಬಲಗಾಲು ತುದಿಯಲ್ಲೇ ಊರುತ್ತಾಳೆ, ಬಲಗೈ ಅಷ್ಟಾಗಿ ಬಳಸುವುದಿಲ್ಲ. ಇಂಥ ಮಕ್ಕಳನ್ನೇ ನೋಡುವ ಒಂದು ಕೇಂದ್ರದಲ್ಲಿ ಪೂರ್ತಿ ರಿಹ್ಯಾಬ್ ಅಸೆಸ್‌ಮೆಂಟ್ ಮಾಡಿಸಿದೆವು, ಅಂದರೆ ಥೆರಪಿಗೆ ಮುಂಚೆ ಮಗು ಏನೇನು ಮಾಡಬಲ್ಲದು ಅಂತ ನೋಡುವ ಪರೀಕ್ಷೆ.

ಒಳಗೆ ಹೋದ ಕೂಡಲೇ ಯಾರೂ ಅವಳ ಕಾಲಿಗೆ ಕೈ ಹಾಕಲಿಲ್ಲ. ಚಾಪೆ ಮೇಲೆ ಆಟದ ಸಾಮಾನು ಹರಡಿ ಸುಮ್ನೆ ಬಿಟ್ಟರು. ನೆಲದಿಂದ ಹೇಗೆ ಏಳುತ್ತಾಳೆ, ಚೆಂಡಿಗೆ ಯಾವ ಕೈ ಚಾಚುತ್ತಾಳೆ, ಡಬ್ಬಿ ಮುಚ್ಚಳ ತೆಗೆಯುವಾಗ ಬಲಗೈ ಡಬ್ಬಿಯನ್ನು ಒತ್ತಿ ಹಿಡಿಯುತ್ತದಾ, ಎಲ್ಲವನ್ನೂ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ (ಬಟ್ಟೆ ಹಾಕೋದು, ಊಟ ಮಾಡೋದು ಥರದ ದಿನದ ಕೆಲಸ ಕಲಿಸುವವರು) ಇಬ್ಬರೂ ಒಟ್ಟಿಗೆ ಕೂತು ನೋಡಿದರು. ನನಗೆ ತುಂಬಾ ಹಿಡಿಸಿದ್ದು ಇದೇ.

ಆಮೇಲೆ ಪಾದ. ಮಂಡಿ ಮಡಚಿಸಿ ಪಾದ ಮೇಲಕ್ಕೆತ್ತಿದರು, ಸಲೀಸಾಗಿ ಬಂತು. ಮಂಡಿ ನೀಟಾಗಿ ಚಾಚಿಸಿ ಎತ್ತಿದರೆ ಅರ್ಧಕ್ಕೇ ನಿಂತಿತು. ಮೀನಖಂಡದಲ್ಲಿ ಮಂಡಿಯನ್ನೂ ದಾಟಿ ಹೋಗುವ ಸ್ನಾಯು ಬಿಗಿಯಾಗಿದೆ ಅಂತ ಇದರಿಂದಲೇ ತಿಳಿಯುತ್ತದಂತೆ. ಒಮ್ಮೆ ನಿಧಾನಕ್ಕೆ, ಒಮ್ಮೆ ಬೇಗ ಎಳೆದೂ ನೋಡಿದರು. ಸ್ನಾಯುವೇ ಗಿಡ್ಡವಾಗಿದ್ದರೆ ಒಂದು ದಾರಿ, ಬೇಗ ಎಳೆದಾಗ ಮಾತ್ರ ಸೆಟೆದುಕೊಂಡರೆ ಚಿಕಿತ್ಸೆ ಬೇರೆ, ಅಲ್ವಾ.

ಇಂಥ ಮಕ್ಕಳು ಎಷ್ಟರ ಮಟ್ಟಿಗೆ ಓಡಾಡಬಲ್ಲರು ಅಂತ ಹೇಳೋಕೆ ಜಿಎಂಎಫ್‌ಸಿಎಸ್ ಅನ್ನೋ ಅಳತೆ ಇದೆ, 1997ರಿಂದ ಬಳಕೆಯಲ್ಲಿದೆ. ಅದರಲ್ಲಿ 5 ಹಂತ, 1 ಅಂದರೆ ತೊಂದರೆ ಎಲ್ಲಕ್ಕಿಂತ ಕಡಿಮೆ. ಇವಳದು 2ನೇ ಹಂತ: ಹಿಡಿಯದೆ ನಡೆಯುತ್ತಾಳೆ, ಮೆಟ್ಟಿಲಿಗೆ ಕಂಬಿ ಬೇಕು. ಸೊಂಟದ ಎಕ್ಸ್‌ರೇಗೂ ಬರೆದುಕೊಟ್ಟರು, ನೋವೇ ಇಲ್ಲದೆ ಕೀಲು ಮೆಲ್ಲಗೆ ಜಾರಬಹುದಂತೆ.

ತಕರಾರು ಏನೆಂದರೆ ಮಾತಿನ ಪರೀಕ್ಷೆಯನ್ನು ಕಟ್ಟಕಡೆಗೆ ಇಟ್ಟಿದ್ದರು. ಅಷ್ಟೊತ್ತಿಗೆ ಮಗು ಸುಸ್ತಾಗಿ ಅಳುತ್ತಿತ್ತು, ಮನೆಯಲ್ಲಿ ಪಟಪಟ ಮಾತಾಡುವವಳು ಅಲ್ಲಿ ಬಾಯೇ ಬಿಡಲಿಲ್ಲ, ರಿಪೋರ್ಟಿನಲ್ಲಿ ಮಾತ್ರ 'ಸಹಕರಿಸಲಿಲ್ಲ' ಅಂತ ಬಂತು. ಇದು ಮಗುವಿಗೆ ಮಾಡುವ ಅನ್ಯಾಯ. ಕೇಳಿದ ಮೇಲೆ ಇನ್ನೊಂದು ದಿನ ಬೆಳಿಗ್ಗೆ ಕರೆದು ಮತ್ತೆ ನೋಡಿದರು, ಅದು ಒಳ್ಳೆಯದಾಯಿತು. ರಿಪೋರ್ಟ್ ತುಂಬ ಜಿಎಂಎಫ್‌ಸಿಎಸ್ ಥರದ ಬಿಡಿ ಅಕ್ಷರಗಳ ಚುಟುಕು ಹೆಸರುಗಳು. ಕೂರಿಸಿಕೊಂಡು ವಿವರಿಸದಿದ್ದರೆ ಏನೂ ಅರ್ಥವಾಗುತ್ತಿರಲಿಲ್ಲ.

ಕೊನೆಗೆ 'ಮೊದಲು ಏನು ಆಗಬೇಕು?' ಅಂತ ನಮ್ಮನ್ನೂ ಕೇಳಿದರು, ಅವಳನ್ನೂ ಕೇಳಿದರು. 'ಚಡ್ಡಿ ನಾನೇ ಹಾಕ್ಕೋಬೇಕು' ಅಂದಳು. ಅದನ್ನೇ ಮೊದಲ ಗುರಿ ಅಂತ ಬರೆದುಕೊಂಡರು, ಥೆರಪಿ ಅಲ್ಲಿಂದಲೇ ಶುರುವಾಗಿದೆ.

ಹೋಗುವವರು ಮಗು ನಡೆಯುವ, ಊಟ ಮಾಡುವ ವಿಡಿಯೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ದಿನಾ ಹಾಕುವ ಶೂ, ಸ್ಪ್ಲಿಂಟ್ (ಕೈಕಾಲಿಗೆ ಕಟ್ಟುವ ಆಸರೆ ಪಟ್ಟಿ) ತಗೊಂಡು ಹೋಗಿ. ಮಗುವಿಗೆ ಜಾಸ್ತಿ ಕಷ್ಟ ಅನ್ನಿಸುವ ಪರೀಕ್ಷೆಯನ್ನು ಮೊದಲೇ ಮಾಡಿ ಅಂತ ಬಾಯಿಬಿಟ್ಟು ಕೇಳಿ.