ಐಎಸ್‌ಎಸ್‌ಎನ್ ಪೋರ್ಟಲ್: ನಿಯತಕಾಲಿಕಗಳ ಗುರುತು ಪರೀಕ್ಷಿಸುವ ಉಚಿತ ಸೇವೆಯ ವಿಮರ್ಶೆ

ಸಂಶೋಧನ ಲೇಖನ ಪ್ರಕಟಿಸಲು ಹೊರಟ ಅಧ್ಯಾಪಕರಿಗೂ ಪಿಎಚ್.ಡಿ. ವಿದ್ಯಾರ್ಥಿಗಳಿಗೂ ‘ಐಎಸ್‌ಎಸ್‌ಎನ್ ಇರುವ ಪತ್ರಿಕೆ’ ಎಂಬ ಮಾತು ಚಿರಪರಿಚಿತ. ನಿಯತಕಾಲಿಕವನ್ನು ಗುರುತಿಸಲು ಕೊಡುವ ಅಂತರರಾಷ್ಟ್ರೀಯ ಸಂಖ್ಯೆಯೇ ಐಎಸ್‌ಎಸ್‌ಎನ್. ಆದರೆ ಪತ್ರಿಕೆಯ ಮುಖಪುಟದಲ್ಲಿ ಅಚ್ಚಾಗಿರುವ ಎಂಟು ಅಂಕಿಗಳು ನಿಜಕ್ಕೂ ಆ ಪತ್ರಿಕೆಗೇ ಸೇರಿದವೇ ಎಂದು ಪರೀಕ್ಷಿಸುವವರು ವಿರಳ. ಪರೀಕ್ಷಿಸಲು ಹಣ ಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಪ್ಯಾರಿಸ್‌ನಲ್ಲಿರುವ ಐಎಸ್‌ಎಸ್‌ಎನ್ ಅಂತರರಾಷ್ಟ್ರೀಯ ಕೇಂದ್ರದ ಪೋರ್ಟಲ್ 2018ರ ಜನವರಿಯಿಂದ ತನ್ನ ದಾಖಲೆಗಳ ಮುಖ್ಯ ವಿವರಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ನಿಯತಕಾಲಿಕಗಳ ದಾಖಲೆಗಳು ಅಲ್ಲಿವೆ.

ಸೇವೆಯ ಬಳಕೆ ಬಹಳ ಸರಳ. ಹುಡುಕು ಪೆಟ್ಟಿಗೆಯಲ್ಲಿ 0011-3891 ಎಂದು ಬರೆದರೆ, 1932ರಿಂದ ಬೆಂಗಳೂರಿನಿಂದ ಹೊರಬರುತ್ತಿರುವ ‘ಕರೆಂಟ್ ಸೈನ್ಸ್’ ಪತ್ರಿಕೆಯ ದಾಖಲೆ ತೆರೆದುಕೊಳ್ಳುತ್ತದೆ. ಶೀರ್ಷಿಕೆ, ದೇಶ, ಮಾಧ್ಯಮ, ದಾಖಲೆ ಕೊನೆಯ ಬಾರಿ ತಿದ್ದುಪಡಿಯಾದ ದಿನಾಂಕ, ಅದರ ಹೊಣೆ ಹೊತ್ತ ರಾಷ್ಟ್ರೀಯ ಕೇಂದ್ರ ಯಾವುದು ಎಂಬಿಷ್ಟು ಉಚಿತವಾಗಿ ಸಿಗುತ್ತದೆ. ಪೂರ್ಣ ಗ್ರಂಥಸೂಚಿ ವಿವರ ಚಂದಾದಾರರಿಗೆ ಮಾತ್ರ. ಗ್ರಂಥಪಾಲಕರಿಗೆ ಅದು ಬೇಕಾದೀತು, ಲೇಖನ ಕಳುಹಿಸುವವರಿಗೆ ಉಚಿತ ಭಾಗವೇ ಸಾಕು.

ಪೋರ್ಟಲ್ ತೆರೆಯುವ ಮೊದಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ, ಎಂಟನೆಯ ಅಂಕಿಯನ್ನು ಸೇರಿಸಿದಾಗ ಬರುವ ಮೊತ್ತ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. ಕರೆಂಟ್ ಸೈನ್ಸ್‌ನ ಸಂಖ್ಯೆಯಲ್ಲಿ ಮೊದಲ ಏಳು ಅಂಕಿಗಳಿಂದ 65 ಬರುತ್ತದೆ, ಕೊನೆಯ 1 ಸೇರಿ 66. ಕೊನೆಯ ಸ್ಥಾನಕ್ಕೆ ಹತ್ತು ಬರಬೇಕಾದಲ್ಲಿ ಎಕ್ಸ್ ಅಕ್ಷರ ಬರುತ್ತದೆ. ಅದನ್ನು ಮುದ್ರಣದೋಷವೆಂದು ಭಾವಿಸಬೇಕಿಲ್ಲ. ಮನಸ್ಸಿಗೆ ತೋಚಿದ ಅಂಕಿಗಳನ್ನು ಜೋಡಿಸಿ ಮುದ್ರಿಸಿದ ಸಂಖ್ಯೆಗಳಲ್ಲಿ ಹೆಚ್ಚಿನವು ಈ ಲೆಕ್ಕದಲ್ಲೇ ಸಿಕ್ಕಿಬೀಳುತ್ತವೆ.

ಪೋರ್ಟಲ್‌ನ ನಿಜವಾದ ಬೆಲೆ ತಿಳಿಯುವುದು ‘ಮಾಧ್ಯಮ’ ಎಂಬ ಸಾಲಿನಲ್ಲಿ. ಮುದ್ರಿತ ರೂಪಕ್ಕೂ ಆನ್‌ಲೈನ್ ರೂಪಕ್ಕೂ ಪ್ರತ್ಯೇಕ ಸಂಖ್ಯೆಗಳಿರಬೇಕು ಎಂಬುದು ನಿಯಮ. ‘ನೇಚರ್’ ಪತ್ರಿಕೆಯ ಮುದ್ರಿತ ಆವೃತ್ತಿಗೆ 0028-0836, ಆನ್‌ಲೈನ್ ಆವೃತ್ತಿಗೆ 1476-4687. ಜಾಲತಾಣದಲ್ಲಿ ಮಾತ್ರ ಕಾಣುವ ಪತ್ರಿಕೆಯೊಂದು ಮುದ್ರಿತ ರೂಪದ ಸಂಖ್ಯೆಯನ್ನು ಹಾಕಿಕೊಂಡಿದ್ದರೆ ಎಚ್ಚರ ವಹಿಸಬೇಕು. ನಕಲಿ ಪತ್ರಿಕೆ ನಡೆಸುವವರು ಇತ್ತೀಚೆಗೆ ಸುಳ್ಳು ಸಂಖ್ಯೆ ಸೃಷ್ಟಿಸುವ ಗೋಜಿಗೆ ಹೋಗದೆ, ಪ್ರತಿಷ್ಠಿತ ಪತ್ರಿಕೆಯ ಹೆಸರನ್ನೂ ಅದರ ಅಸಲಿ ಸಂಖ್ಯೆಯನ್ನೂ ಕದ್ದು ಬೇರೊಂದು ವಿಳಾಸದಲ್ಲಿ ತಾಣ ತೆರೆದು ಲೇಖಕರಿಂದ ಹಣ ವಸೂಲಿ ಮಾಡುತ್ತಾರೆ. ಹೀಗಿರುವಾಗ ಸಂಖ್ಯೆ ಸರಿಯಿದೆ ಎಂಬ ಕಾರಣಕ್ಕೆ ಸಮಾಧಾನ ಪಡುವಂತಿಲ್ಲ. ಶೀರ್ಷಿಕೆ, ಮಾಧ್ಯಮ, ದೇಶ ಹಾಗೂ ದಾಖಲೆಯಲ್ಲಿ ಜಾಲತಾಣದ ವಿಳಾಸ ಇದ್ದರೆ ಅದು, ಇವೆಲ್ಲವೂ ನಮ್ಮ ಮುಂದಿರುವ ತಾಣಕ್ಕೆ ಹೊಂದುತ್ತವೆಯೇ ಎಂದು ಒಂದೊಂದಾಗಿ ತಾಳೆ ನೋಡಬೇಕು.

ಇನ್ನು ಈ ಸೇವೆ ಏನನ್ನು ಹೇಳುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಐಎಸ್‌ಎಸ್‌ಎನ್ ಒಂದು ಗುರುತು ಮಾತ್ರ. ಪತ್ರಿಕೆಯ ಗುಣಮಟ್ಟವನ್ನಾಗಲಿ, ಅಲ್ಲಿ ತಜ್ಞರ ಪರಿಶೀಲನೆ ನಡೆಯುತ್ತದೆಯೇ ಎಂಬುದನ್ನಾಗಲಿ ಅದು ತಿಳಿಸುವುದಿಲ್ಲ. ವಾಹನದ ನೋಂದಣಿ ಫಲಕ ನೋಡಿ ಚಾಲಕನ ಕೌಶಲ ಅಳೆಯಲು ಬಾರದು. ಆದರೂ ‘ಐಎಸ್‌ಎಸ್‌ಎನ್ ಮಾನ್ಯತೆ ಪಡೆದ ಅಂತರರಾಷ್ಟ್ರೀಯ ಪತ್ರಿಕೆ’ ಎಂಬ ಜಾಹೀರಾತುಗಳು ನಿಂತಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ನಿಲ್ಲಿಸುವುದಾಗಿ 2025ರ ಫೆಬ್ರವರಿಯಲ್ಲಿ ಪ್ರಕಟಿಸಿದ ಬಳಿಕ ಪತ್ರಿಕೆಯ ಆಯ್ಕೆಯ ಹೊಣೆ ಸಂಸ್ಥೆಗಳ ಮತ್ತು ಲೇಖಕರ ಹೆಗಲಿಗೇ ಬಿದ್ದಿದೆ; ಆ ಹೊಣೆಯ ಮೊದಲ ಮೆಟ್ಟಿಲಿಗೆ ಈ ಪೋರ್ಟಲ್ ನೆರವಾಗುತ್ತದೆ, ಮುಂದಿನವುಗಳಿಗೆ ಅಲ್ಲ.

ಕನ್ನಡ ಓದುಗರ ಪಾಲಿಗೆ ದೊಡ್ಡ ಕೊರತೆಯೆಂದರೆ ಭಾಷೆ. ಪೋರ್ಟಲ್ ಅನ್ನು ಕನ್ನಡದಲ್ಲಿ ಬಳಸಲಾಗದು. ಭಾರತೀಯ ಭಾಷೆಗಳ ಶೀರ್ಷಿಕೆಗಳು ರೋಮನ್ ಲಿಪಿಯಲ್ಲಿ ದಾಖಲಾಗಿರುವುದು ಸಾಮಾನ್ಯ. ದೀರ್ಘಾಕ್ಷರಕ್ಕೂ ಮಹಾಪ್ರಾಣಕ್ಕೂ ರೋಮನ್ ಲಿಪಿಯಲ್ಲಿ ಒಬ್ಬೊಬ್ಬರದು ಒಂದೊಂದು ಕ್ರಮವಾದ್ದರಿಂದ ಕನ್ನಡ ಪತ್ರಿಕೆಯನ್ನು ಹೆಸರಿನಿಂದ ಹುಡುಕುವುದಕ್ಕಿಂತ ಸಂಖ್ಯೆಯಿಂದ ಹುಡುಕುವುದೇ ಲೇಸು. ಅಂತರರಾಷ್ಟ್ರೀಯ ಎನಿಸಿಕೊಂಡ ವ್ಯವಸ್ಥೆ ಇಷ್ಟರ ಮಟ್ಟಿಗಾದರೂ ಸುಧಾರಿಸಬೇಕಿತ್ತು. ಈ ಒಂದು ಕಾರಣಕ್ಕೆ ಐದರಲ್ಲಿ ನಾಲ್ಕು ಅಂಕಕ್ಕಿಂತ ಹೆಚ್ಚು ಕೊಡಲು ಮನಸ್ಸಾಗುವುದಿಲ್ಲ.

ಇದರ ಜೊತೆಗೆ ಬಳಕೆಯಲ್ಲಿರುವ ಇನ್ನೆರಡು ವ್ಯವಸ್ಥೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಪೋರ್ಟಲ್‌ನ ಅನುಕೂಲ ಇನ್ನಷ್ಟು ತಿಳಿಯುತ್ತದೆ. ಪುಸ್ತಕಗಳ ಐಎಸ್‌ಬಿಎನ್ 2007ರ ಜನವರಿ 1ರಿಂದ ಹದಿಮೂರು ಅಂಕಿಗಳದ್ದಾಗಿದೆ. 978ರ ನಂತರ 81 ಅಥವಾ 93 ಬಂದರೆ ಅದು ಭಾರತದ ಪ್ರಕಾಶಕರದ್ದು. ಪುಸ್ತಕದ ಸಂಖ್ಯೆಯಲ್ಲಿ ದೇಶ, ಪ್ರಕಾಶಕ, ಶೀರ್ಷಿಕೆ ಇವಕ್ಕೆ ಬೇರೆ ಬೇರೆ ಭಾಗಗಳಿದ್ದರೆ, ಐಎಸ್‌ಎಸ್‌ಎನ್‌ನ ಅಂಕಿಗಳಿಗೆ ಅಂಥ ಯಾವ ಅರ್ಥವೂ ಇಲ್ಲ. ಆದರೆ ಐಎಸ್‌ಬಿಎನ್‌ನ ಜಾಗತಿಕ ನೋಂದಣಿ ಪ್ರಕಾಶಕರನ್ನು ಪಟ್ಟಿ ಮಾಡುತ್ತದೆಯೇ ಹೊರತು ಒಂದೊಂದು ಪುಸ್ತಕವನ್ನೂ ಅಲ್ಲ. ಆದ್ದರಿಂದ ವಿಚಾರ ಸಂಕಿರಣದ ಲೇಖನಗಳ ಸಂಪುಟವೊಂದರ ಸಂಖ್ಯೆಯನ್ನು ಪರೀಕ್ಷಿಸುವುದು ಪತ್ರಿಕೆಯ ಸಂಖ್ಯೆಯಷ್ಟು ಸುಲಭವಲ್ಲ. ವರ್ಷಕ್ಕೊಮ್ಮೆ ಒಂದೇ ಹೆಸರಿನಲ್ಲಿ ಬರುವ ಸಂಪುಟಮಾಲೆಗೆ ಎರಡೂ ಸಂಖ್ಯೆಗಳಿರಬಹುದು: ಮಾಲೆಗೆ ಐಎಸ್‌ಎಸ್‌ಎನ್, ಆಯಾ ಸಂಪುಟಕ್ಕೆ ಐಎಸ್‌ಬಿಎನ್.

ಎರಡನೆಯದು ಡಿಒಐ, ಅಂದರೆ ಡಿಜಿಟಲ್ ದಾಖಲೆಗೆ ಕೊಡುವ ಕಾಯಂ ಗುರುತು. ಅದು ಇನ್ನೂ ಸೂಕ್ಷ್ಮಕ್ಕೆ ಇಳಿದು ಒಂದೊಂದು ಲೇಖನವನ್ನೂ ಗುರುತಿಸುತ್ತದೆ. ಡಿಎನ್‌ಎ ರಚನೆಯ ಕುರಿತು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ನೇಚರ್‌ಗೆ ಬರೆದ ಲೇಖನದ ಡಿಒಐ 10.1038 ಎಂದು ಶುರುವಾಗಿ, ಓರೆಗೆರೆಯ ಆಚೆ 171ನೇ ಸಂಪುಟವನ್ನೂ 737ನೇ ಪುಟವನ್ನೂ ಒಳಗೊಂಡಿದೆ. ಡಿಒಐ ವ್ಯವಸ್ಥೆ ಹುಟ್ಟುವುದಕ್ಕೆ ದಶಕಗಳ ಮುಂಚಿನ ಲೇಖನಕ್ಕೂ ಗುರುತು ದೊರೆತಿರುವುದು ಗಮನಾರ್ಹ. ಪ್ರಕಾಶಕರು ಜಾಲತಾಣ ಬದಲಿಸಿ ಹೊಸ ವಿಳಾಸವನ್ನು ದಾಖಲಿಸಿದರೆ ಹಳೆಯ ಡಿಒಐ ಓದುಗರನ್ನು ಸರಿಯಾದ ಪುಟಕ್ಕೇ ಒಯ್ಯುತ್ತದೆ. ದಾಖಲಿಸದಿದ್ದರೆ ಕೊಂಡಿ ಸತ್ತಂತೆಯೇ.

ಹೊಸ ಪತ್ರಿಕೆ ನಡೆಸುವ ಕನ್ನಡ ಸಂಪಾದಕರು ವೆಚ್ಚದ ವ್ಯತ್ಯಾಸವನ್ನೂ ಗಮನಿಸಬೇಕು. ಭಾರತದಲ್ಲಿ ಐಎಸ್‌ಎಸ್‌ಎನ್ ಸಂಖ್ಯೆಯನ್ನು ದೆಹಲಿಯಲ್ಲಿರುವ ಸಿಎಸ್‌ಐಆರ್‌ನ ನಿಸ್ಪರ್ ಸಂಸ್ಥೆಯ ರಾಷ್ಟ್ರೀಯ ಕೇಂದ್ರವೂ, ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯೂ ಶುಲ್ಕವಿಲ್ಲದೆ ಕೊಡುತ್ತವೆ. ನಡುವಿನ ದಲ್ಲಾಳಿಗಳಿಗೆ ಹಣ ತೆರುವ ಅಗತ್ಯವೇ ಇಲ್ಲ. ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್ ಮೂಲಕ ಅದನ್ನು ಪಡೆಯಲು ಮಾತ್ರ ವಾರ್ಷಿಕ ಸದಸ್ಯತ್ವವೂ ಲೇಖನವಾರು ಶುಲ್ಕವೂ ಇದ್ದು, ಸಣ್ಣ ಪತ್ರಿಕೆಗೆ ಅದು ಹೊರೆಯಾದೀತು. ಪತ್ರಿಕೆಯ ಹೆಸರಿನಲ್ಲಿ ಗಣನೀಯ ಬದಲಾವಣೆಯಾದರೆ ಹೊಸ ಐಎಸ್‌ಎಸ್‌ಎನ್‌ಗೆ ಮತ್ತೆ ಅರ್ಜಿ ಹಾಕಬೇಕಾಗುತ್ತದೆ. ಆದ್ದರಿಂದ ಮೊದಲ ಅರ್ಜಿ ಕಳುಹಿಸುವ ಮುನ್ನವೇ ಹೆಸರನ್ನೂ, ರೋಮನ್ ಲಿಪಿಯಲ್ಲಿ ಅದನ್ನು ಬರೆಯುವ ಬಗೆಯನ್ನೂ ಸಂಪಾದಕ ಮಂಡಳಿ ತೀರ್ಮಾನಿಸಿಕೊಂಡಿರುವುದು ಒಳಿತು.